ಬಟ್ಟೆ ಸುತ್ತಿದ ಊದುಕೊಳವೆ

“ಗೋಡೆ ಮೇಲಿರೋ ಆ ಒಂದು ಕೊಳವೆಗೆ ಮಾತ್ರ ಬಾಯಿ ಇಡ್ಬೇಡ, ತಮ್ಮ. ಮಿಕ್ಕಿದ್ದೆಲ್ಲ ನಿಂದೇ ಅಂದ್ಕೋ.”

ಮೇಸ್ತ್ರಿ ಇದನ್ನು ಒಂದು ಸಲವಲ್ಲ, ಮೂರು ಸಲ ಹೇಳಿದ. ಮೊದಲನೆಯ ಸಲ ಹೊಸಬ ತಲೆಯಾಡಿಸಿದ. ಎರಡನೆಯ ಸಲ ಮುಗುಳ್ನಕ್ಕ. ಮೂರನೆಯ ಸಲ ಹಲ್ಲು ಕಾಣುವಂತೆ ನಕ್ಕೇಬಿಟ್ಟ. ಕೆಲವರಿಗೆ ಮಾತು ಕಿವಿಯವರೆಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಏನು ಮಾಡುವುದು, ಇವನು ಆ ಜಾತಿಯವನು.

ಅದು ಗಾಜು ಊದುವ ಕಾರ್ಖಾನೆ. ಔಷಧಿ ಅಂಗಡಿಗಳಿಗೆ ಬೇಕಾದ ಸೀಸೆ, ಪ್ರಯೋಗಶಾಲೆಯ ದುಂಡನೆ ಗಾಜಿನ ಬುರುಡೆ, ದೀಪದ ಬುಡ್ಡಿ ಇವನ್ನೆಲ್ಲ ಅಲ್ಲಿ ಇನ್ನೂ ಬಾಯಿಂದ ಊದಿಯೇ ಮಾಡುತ್ತಿದ್ದರು. ಕಿಟಕಿಗಳಿಗೆಲ್ಲ ಟಾರು ಬಳಿದಿದ್ದರು. ಕಾದ ಗಾಜಿನ ಬಣ್ಣ ನೋಡಿಯೇ ಅದರ ಹದ ತಿಳಿಯಬೇಕು. ಹೊರಗಿನ ಬೆಳಕು ಬಿದ್ದರೆ ಕಣ್ಣು ಮೋಸಹೋಗುತ್ತದೆ. ಹಾಗಾಗಿ ನಡುಮಧ್ಯಾಹ್ನವೂ ಒಳಗೆ ಕಗ್ಗತ್ತಲೆ. ಆ ಕತ್ತಲೆಯ ನಡುವೆ ಕುಲುಮೆಯ ಬಾಯಿ ಮಾತ್ರ ಕೆಂಪಗೆ ತೆರೆದುಕೊಂಡಿರುತ್ತಿತ್ತು. ನೀರಲ್ಲಿ ನೆನೆಸಿದ ಮರದ ಅಚ್ಚುಗಳು ಸುಡುವ ವಾಸನೆ, ಬೆವರಿನ ವಾಸನೆ, ಬೂದಿಯ ವಾಸನೆ ಎಲ್ಲ ಸೇರಿ ಗಂಟಲಿಗೆ ಅಂಟಿಕೊಳ್ಳುತ್ತಿದ್ದವು.

ಹೊಸಬನಿಗೆ ಇದೆಲ್ಲ ಹೊಸದೇನಲ್ಲ. ಬೇರೆ ಊರಿನಲ್ಲಿ ಹನ್ನೆರಡು ವರ್ಷ ಗಾಜು ಊದಿ ಬಂದವನು. ಒಂದೇ ಉಸಿರಿಗೆ ಕುಂಬಳಕಾಯಿ ಗಾತ್ರದ ಬುರುಡೆ ಊದಿ ತೋರಿಸಿದ್ದಕ್ಕೆ ಬಂದ ದಿನವೇ ‘ದಮ್ಮಣ್ಣ’ ಎಂದು ಹೆಸರಾಯಿತು. ಹೆಸರಿಟ್ಟವನು ಇಕ್ಕಳ ಹಿಡಿಯುವವನು. ಅವನನ್ನೂ ಎಲ್ಲರೂ ‘ಇಕ್ಕಳ’ ಎಂದೇ ಕರೆಯುತ್ತಿದ್ದರು.

“ಯಾಕಂತೆ? ಆ ಕೊಳವೆಗೇನು ಕೊಂಬು ಬಂದಿದ್ಯಾ?” ಎಂದ ದಮ್ಮಣ್ಣ.

ಗೋಡೆಯ ಮೇಲೆ ಹತ್ತು ಕೊಳವೆಗಳು ಸಾಲಾಗಿ ನೇತಾಡುತ್ತಿದ್ದವು. ಹನ್ನೊಂದನೆಯದು ಮೂಲೆಯಲ್ಲಿ, ಬೇರೆ ಮೊಳೆಗೆ. ಕಬ್ಬಿಣ ಮಸಿಯಾಗಿತ್ತು. ಹಿಡಿಯ ಜಾಗಕ್ಕೆ ಯಾವುದೋ ಹಳೇ ಬಟ್ಟೆ ಬಿಗಿಯಾಗಿ ಸುತ್ತಿತ್ತು. ಆ ಬಟ್ಟೆಯ ಬಣ್ಣ ಏನಿತ್ತೋ, ಈಗ ಒಣಗಿದ ಗಾಯದ ಬಣ್ಣ.

ಮೇಸ್ತ್ರಿ ದನಿ ತಗ್ಗಿಸಿದ. ಅವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಕುಲುಮೆಯ ಎದುರು ನಿಂತು ನಿಂತು ಹುಬ್ಬುಗಳೇ ಇರಲಿಲ್ಲ. “ನಾವು ಮೂರು ಜನ ಒಂದೇ ಕೊಳವೆ ಊದೋರು. ನನ್ನ ಬಾಯಿಂದ ಈ ಇಕ್ಕಳನ ಬಾಯಿಗೆ, ಇವನ ಬಾಯಿಂದ ನಿನ್ನ ಬಾಯಿಗೆ. ಒರೆಸ್ಕೊಂಡು ಕೂತ್ರೆ ಗಾಜು ಗಟ್ಟಿಯಾಗುತ್ತೆ. ಅದಕ್ಕೇ ಯಾರಿಗಾದ್ರೂ ತುಟಿ ಮೇಲೆ ಗುಳ್ಳೆ ಎದ್ರೆ ಅವನು ಮೂಲೆಗೆ. ಅವನಿಗೆ ಆ ಕರೀ ಕೊಳವೆ ಒಂದೇ. ಒಂಬತ್ತು ದಿನ ಮನೆಗೆ ಹೋಗೋ ಹಾಗಿಲ್ಲ. ಹಿಂದಿನ ಕೋಣೇಲಿ ಮಲಗ್ತಾನೆ. ಹಕ್ಕಳೆ ಉದುರಿದ ಮೇಲೇ ಹೊಸ್ತಿಲು ದಾಟೋದು.”

“ಇದೊಳ್ಳೇ ಕತೆ. ತುಟಿ ಗುಳ್ಳೆಗೆ ವನವಾಸ!”

“ಒಬ್ಬಳು ತಾಯಿ ಮಾಟ ಮಾಡಿಟ್ಟಿದಾಳೆ ಕಣೋ ಅದಕ್ಕೆ.” ಇಕ್ಕಳ ನಡುವೆ ಬಾಯಿ ಹಾಕಿದ. ಅವನ ಕೆಳತುಟಿಯ ಮೇಲೆ ಜೇನುಬಣ್ಣದ ಹಕ್ಕಳೆಯೊಂದು ಒಣಗುತ್ತಿತ್ತು. “ಅವಳ ಮಗೂಗೆ ಮೈಯೆಲ್ಲ ಇಸುಬು. ಊದೋನೊಬ್ಬ ಗುಳ್ಳೆ ಬಾಯಲ್ಲಿ ಆ ಮಗೂನ ಮುದ್ದಾಡ್ದ. ಎಂಟೇ ದಿನ. ಮೈ ತುಂಬ ತೂತು. ಸತ್ತ ಮಗುವಿನ ಮೈಮೇಲಿದ್ದ ಬಟ್ಟೆ ಹರಿದು ಕೊಳವೆಗೆ ಸುತ್ತಿ ಶಾಪ ಹಾಕಿದ್ಲಂತೆ. ಇದನ್ನು ಊದಿದ ಬಾಯಿ ಯಾವ ಮಗುವನ್ನು ಮುಟ್ಟುತ್ತೋ, ಆ ಮಗು ನನ್ನ ಮಗು ಹೋದ ದಾರೀಲೇ ಹೋಗಲಿ ಅಂತ.”

ಮೇಸ್ತ್ರಿ ದಮ್ಮಣ್ಣನ ಮುಖವನ್ನೇ ನೋಡುತ್ತಿದ್ದ. “ನಿಜ ಹೇಳು ತಮ್ಮ. ಮನೇಲಿ ಮೈ ಕೆರ್ಕೊಳ್ಳೋ ಮಗು ಇದ್ಯಾ?”

ಇತ್ತು. ನಾಲ್ಕು ವರ್ಷದ ಮಗಳು. ಹುಟ್ಟಿದ ಆರನೇ ತಿಂಗಳಿಂದ ಅವಳಿಗೆ ಇಸುಬು. ಮೊಣಕೈ ಮಡಿಕೆ, ಮಂಡಿಯ ಹಿಂದೆ, ಕುತ್ತಿಗೆ, ಎಲ್ಲ ಕಡೆ ಒರಟಾಗಿ ಒಡೆದ ಚರ್ಮ. ದಿನಕ್ಕೆ ಮೂರು ಸಲ ಮುಲಾಮು ಮೆತ್ತಿ ಮೆತ್ತಿ ಅವಳಿಗೆ ‘ಬೆಣ್ಣೆ’ ಎಂದೇ ಹೆಸರು ಬಿದ್ದಿತ್ತು. ಅಂಟುಜಾಡ್ಯ ಎಂದು ಹಿಂದಿನ ಊರಿನ ಮನೆಯೊಡತಿ ಅವರನ್ನು ಎಬ್ಬಿಸಿ ಕಳಿಸಿದ್ದಳು. ಪಕ್ಕದ ಮನೆಯವರು ತಮ್ಮ ಮಕ್ಕಳನ್ನು ದೂರ ಎಳೆದುಕೊಂಡಿದ್ದರು. ಮಗಳ ಚರ್ಮದ ಸುದ್ದಿ ಯಾರೇ ಎತ್ತಲಿ, ದಮ್ಮಣ್ಣನಿಗೆ ಮೈ ಉರಿದುಹೋಗುತ್ತಿತ್ತು.

“ಇಲ್ಲ,” ಎಂದ. “ನನ್ನ ಮಗಳ ಮೈ ಗಾಜಿನ ಹಾಗಿದೆ.”

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಕೇಳಿದ ಪ್ರಶ್ನೆಗೆ ಸಿಟ್ಟು ಬಂದಿತ್ತಲ್ಲ, ಅದು ಎಲ್ಲಾದರೂ ಹೋಗಬೇಕಿತ್ತು. ನಾಲ್ಕು ಹೆಜ್ಜೆ ಇಟ್ಟು ಮೂಲೆಯ ಮೊಳೆಯಿಂದ ಕರೀ ಕೊಳವೆಯನ್ನು ಎಳೆದುಕೊಂಡ. “ತೋರಿಸ್ರೀ ನಿಮ್ಮ ಮಾಟಾನ!” ಎಂದು ಬಾಯಿಗಿಟ್ಟು, ತನ್ನ ಆ ದೊಡ್ಡ ಉಸಿರನ್ನು ಪೂರ್ತಿ ಅದರೊಳಗೆ ಬಿಟ್ಟ.

ಕೊಳವೆಯ ಬಾಯಿ ಒದ್ದೆಯಾಗಿತ್ತು. ಅರ್ಧ ಗಂಟೆಯ ಹಿಂದೆ ಇಕ್ಕಳ ಅದನ್ನೇ ಊದಿದ್ದ. ನಾಲಿಗೆಗೆ ಕಬ್ಬಿಣದ ಒಗರು ತಾಗಿತು, ಅದರ ಹಿಂದೆಯೇ ಕೆಟ್ಟ ಹಾಲಿನ ಸಿಹಿ. ಊದಿ ಮುಗಿಸಿ ಬಾಯಿ ತೆಗೆಯುವಷ್ಟರಲ್ಲಿ ಕೊಳವೆಯೊಳಗಿಂದ ಬೆಚ್ಚಗಿನ ಗಾಳಿಯೊಂದು ತಿರುಗಿ ಬಂದು ಅವನ ತುಟಿಯನ್ನು ಸವರಿತು. ಮಲಗಿದ ಕೂಸಿನ ಉಸಿರಿನಷ್ಟೇ ಮೆಲ್ಲಗೆ.

ಮೇಸ್ತ್ರಿ ಅವನ ಕೈಯಿಂದ ಕೊಳವೆ ತೆಗೆದುಕೊಂಡು ಮತ್ತೆ ಮೊಳೆಗೆ ಹಾಕಿದ.

*

ದಮ್ಮಣ್ಣನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಮಧ್ಯಾಹ್ನದ ಪಾಳಿ. ಒಂದು ಗಂಟೆಗೆ ಹೊರಟರೆ ಬರುವುದು ರಾತ್ರಿ ಊಟದ ಹೊತ್ತು ಮೀರಿದ ಮೇಲೆ. ಅವನ ಪಾಳಿ ಮೂರಕ್ಕೆ ಮುಗಿಯುತ್ತಿತ್ತು. ನಡುವಿನ ಎರಡು ಗಂಟೆ ಬೆಣ್ಣೆಯನ್ನು ಕೆಳಗಿನ ಮನೆಯ ಅಜ್ಜಿ ನೋಡಿಕೊಳ್ಳುತ್ತಿದ್ದರು. ಸಂಜೆಯೆಲ್ಲ ಅಪ್ಪ ಮಗಳದೇ ರಾಜ್ಯ.

ಬಿಸಿಲು ಇಳಿದ ಮೇಲೆ ಬೆಣ್ಣೆಗೆ ತುರಿಕೆ ಹೆಚ್ಚು. ಉಗುರು ಎಷ್ಟೇ ಕತ್ತರಿಸಿದರೂ ಬೆರಳ ತುದಿಯಲ್ಲೇ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿದ್ದಳು. ಆಗ ಅಪ್ಪನ ಮುಂದೆ ಎರಡೂ ಕೈ ಚಾಚುವಳು. “ಅಪ್ಪಾ, ಊದು.”

ಅವನು ಊದುವನು. ಗಾಜಿಗೆ ಕೊಡುವ ಉಸಿರಲ್ಲ, ಅದರ ನೂರನೇ ಒಂದು ಪಾಲು. ತಣ್ಣಗೆ, ನಿಧಾನಕ್ಕೆ, ಮೊಣಕೈ ಮಡಿಕೆಯಿಂದ ಅಂಗೈವರೆಗೆ. ಕೊನೆಗೆ ಆ ಮಡಿಕೆಗೆ ತುಟಿ ಒತ್ತಿ “ಪುರ್‌ರ್‌ರ್” ಎಂದು ಸದ್ದು ಮಾಡುವನು. ಬೆಣ್ಣೆ ಬಿದ್ದು ಬಿದ್ದು ನಗುವಳು. ಕೈ ಆಯಿತು, ಮಂಡಿ ಆಯಿತು, ಕುತ್ತಿಗೆ ಆಯಿತು, ಕೆನ್ನೆ ಆಯಿತು. ನಕ್ಕು ಸುಸ್ತಾಗಿ ತುರಿಸುವುದನ್ನೇ ಮರೆತು ನಿದ್ದೆಹೋಗುವಳು. ಯಾವ ಡಾಕ್ಟರೂ ಕೊಡದ ಮದ್ದು ಇದು ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಕರೀ ಕೊಳವೆ ಊದಿದ ಏಳನೇ ದಿನ ಕೆಲಸದ ನಡುವೆ ಅವನ ಮೇಲ್ತುಟಿಯ ತುದಿ ಜುಂ ಎಂದಿತು. ಸಂಜೆಗೆ ಮೈ ಕಾವು. ಮಾರನೆಯ ಬೆಳಿಗ್ಗೆ ತುಟಿಯ ಮೇಲೆ ನಾಲ್ಕೈದು ಸಣ್ಣ ಗುಳ್ಳೆಗಳು ಒತ್ತೊತ್ತಾಗಿ ಎದ್ದಿದ್ದವು.

ಕುಲುಮೆಯ ಬೆಳಕಿನಲ್ಲಿ ಮೇಸ್ತ್ರಿ ಅದನ್ನು ಕಂಡ ಕೂಡಲೇ ಕೈಯಲ್ಲಿದ್ದುದನ್ನು ಕೆಳಗಿಟ್ಟ. “ಇವತ್ತಿಂದ ಹಿಂದಿನ ಕೋಣೆ. ಹಾಸಿಗೆ ಕೊಡಿಸ್ತೀನಿ.”

“ಆಗಲ್ಲ ಮೇಸ್ತ್ರಿ. ನನ್ನ ಮಗಳನ್ನ ಯಾರು ನೋಡ್ಕೊಳ್ತಾರೆ? ನೀವಾ?”

“ಬರ್ತೀನಿ ಬೇಕಾದ್ರೆ. ಮನೆಗೆ ಮಾತ್ರ ಹೋಗ್ಬೇಡ.”

“ಬಿಸಿಗೆ ಎದ್ದಿರೋ ಗುಳ್ಳೆ ಇದು. ಸುಮ್ನಿರಿ.”

“ತಮ್ಮಾ, ಕೈಮುಗಿದು ಕೇಳ್ತೀನಿ...”

ದಮ್ಮಣ್ಣ ಅಂಗಿ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಬೆಳಿಗ್ಗೆ ಮನೆಯಲ್ಲಿ ಹೆಂಡತಿ ಕೇಳಿದಾಗಲೂ ಅದೇ ಉತ್ತರ ಕೊಟ್ಟಿದ್ದ, “ಬಿಸಿ ತಾಗಿದೆ ಕಣೇ.” ಆ ಸಂಜೆಯೂ ಬೆಣ್ಣೆ ಕೈ ಚಾಚಿದಳು. ಆ ಸಂಜೆಯೂ ಅವನು ಊದಿದ. ತುಟಿ ಉರಿಯುತ್ತಿತ್ತು, ಆದರೂ ಒತ್ತಿದ. ಕೈ, ಮಂಡಿ, ಕುತ್ತಿಗೆ, ಕೆನ್ನೆ, ಒಂದನ್ನೂ ಬಿಡಲಿಲ್ಲ. ದೇವರೇ, ಒಂದನ್ನಾದರೂ ಬಿಡಬಾರದಿತ್ತೇ!

*

ಆರು ದಿನ ಏನೂ ಆಗಲಿಲ್ಲ. ದಮ್ಮಣ್ಣನ ತುಟಿಯ ಗುಳ್ಳೆ ಒಡೆದು ಹಕ್ಕಳೆಗಟ್ಟಿತು. ಅವನು ದಿನವೂ ಮೇಸ್ತ್ರಿಯ ಎದುರು ನಿಂತು ಬೇಕೆಂದೇ ಹಾಡು ಗುನುಗುತ್ತಿದ್ದ. ಮೇಸ್ತ್ರಿ ಅವನನ್ನು ಬೇರೆ ಕೊಳವೆಗಳ ಹತ್ತಿರ ಬಿಡಲಿಲ್ಲ.

ಏಳನೆಯ ಸಂಜೆ ಬೆಣ್ಣೆ ನಗಲಿಲ್ಲ. ಮೈ ಮುಟ್ಟಿದರೆ ಸುಡುತ್ತಿತ್ತು. ಮೊಣಕೈ ಮಡಿಕೆಯಲ್ಲಿ ಸಣ್ಣ ಸಣ್ಣ ಗುಳ್ಳೆಗಳು, ಎಲ್ಲ ಒಂದೇ ಗಾತ್ರ, ಒಂದೊಂದರ ನಡುವೆಯೂ ಒಂದೊಂದು ಗುಳಿ. ಯಾರೋ ಕೂತು ಎಣಿಸಿ ಅಂಟಿಸಿದಂತಿತ್ತು.

“ಅಪ್ಪಾ, ತುರಿಕೆ ಅಲ್ಲ. ನೋವು.”

ಇಸುಬು ಕೆರಳಿದೆ, ಅಷ್ಟೇ ಎಂದುಕೊಂಡ. ಕೆರಳಿದಾಗ ಹಚ್ಚುವ ಬೇರೆಯ ಮುಲಾಮು ಮನೆಯಲ್ಲೇ ಇತ್ತು. ಅದನ್ನೇ ಧಾರಾಳವಾಗಿ ಮೆತ್ತಿದ. ರಾತ್ರಿ ಹೆಂಡತಿ ಬಂದಾಗ ಮಗು ಹೊದ್ದು ಮಲಗಿತ್ತು. ಅವನು ಏನೂ ಹೇಳಲಿಲ್ಲ. ಹೇಳಿದರೆ ತುಟಿಯ ಮಾತು ಬರುತ್ತದೆ, ತುಟಿಯ ಮಾತು ಬಂದರೆ ಕೊಳವೆಯ ಮಾತು ಬರುತ್ತದೆ.

ಮಾರನೆಯ ದಿನ ಮಗು ಹೊತ್ತೇರಿದರೂ ಏಳಲಿಲ್ಲ; ಪಾಳಿಗೆ ಹೊರಡುವ ಮುಂಚೆ ಹೆಂಡತಿ ಹೊದಿಕೆ ಸರಿಸಿದಳು. “ಅಯ್ಯೋ, ಏನ್ರೀ ಇದು!”

ಗುಳ್ಳೆಗಳು ಕುತ್ತಿಗೆಗೆ ಹತ್ತಿದ್ದವು. ಮೊಣಕೈಯಲ್ಲಿದ್ದವು ಒಡೆದಿದ್ದವು. ಒಡೆದ ಜಾಗದಲ್ಲಿ ದುಂಡನೆಯ ತೂತುಗಳು, ಅಂಚು ಚೂಪಾಗಿ, ತಳ ಕೆಂಪಗೆ. ಹಸಿ ಮಾಂಸದ್ದೋ ಹಳಸಿದ ಹಾಲಿನದೋ ಒಂದು ಸಿಹಿವಾಸನೆ ಹಾಸಿಗೆಯಿಂದ ಏಳುತ್ತಿತ್ತು. ದಮ್ಮಣ್ಣನಿಗೆ ಆ ವಾಸನೆಯ ಗುರುತು ಸಿಕ್ಕಿತು. ಕರೀ ಕೊಳವೆಯ ಬಾಯಲ್ಲಿ ನಾಲಿಗೆಗೆ ತಾಗಿದ್ದು ಇದೇ.

“ಈಗ್ಲೇ ಆಸ್ಪತ್ರೆಗೆ ಹೋಗೋಣ ನಡೀರಿ. ನಾನು ಪಾಳಿಗೆ ಹೋಗಲ್ಲ.”

“ನೀನು ಹೋಗು. ಮೊನ್ನೆ ತಾನೇ ರಜಾ ಹಾಕಿದೀಯ, ಮತ್ತೆ ಹಾಕಿದ್ರೆ ಕೆಲಸದಿಂದ ತೆಗೀತಾರೆ. ನನಗೆ ಇವತ್ತು ವಾರದ ರಜೆ. ನಾನೇ ಕರ್ಕೊಂಡು ಹೋಗ್ತೀನಿ.”

“ಖಂಡಿತಾ?”

“ನನ್ನ ಮಗಳಲ್ವೇನೇ?”

ಅವಳು ಮಗಳ ಹಣೆ ಸವರಿ, ಹತ್ತು ಸಲ ಹಿಂತಿರುಗಿ ನೋಡಿ ಹೊರಟಳು. ದಮ್ಮಣ್ಣ ಮಗುವನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡ. ರಸ್ತೆಯ ತುದಿಗೆ ಬಂದು ನಿಂತ. ಎಡಕ್ಕೆ ತಿರುಗಿದರೆ ಆಸ್ಪತ್ರೆ, ಬಲಕ್ಕೆ ತಿರುಗಿದರೆ ಕಾರ್ಖಾನೆ. ಹೆಗಲ ಮೇಲೆ ಬೆಣ್ಣೆಯ ತಲೆ ಕೆಂಡವಾಗಿತ್ತು. ಅವಳ ಎಡಗಣ್ಣಿನ ರೆಪ್ಪೆಯ ಮೇಲೆ ಆಗಷ್ಟೇ ಮೂರು ಗುಳ್ಳೆಗಳು ಎದ್ದಿದ್ದವು. ಅವನು ನೋಡುತ್ತಿದ್ದಂತೆಯೇ ನಾಲ್ಕನೆಯದು ಎದ್ದಿತು.

ನಂಬದೇ ಇದ್ದವನು ನಂಬಿದರೆ ಅವನಷ್ಟು ಗಟ್ಟಿಯಾಗಿ ಯಾರೂ ನಂಬುವುದಿಲ್ಲ. ಇದಕ್ಕೆ ಡಾಕ್ಟರು ಏನು ಮಾಡಿಯಾರು, ಬೇರು ಕಿತ್ತರೆ ತಾನೇ ಗಿಡ ಸಾಯುವುದು ಎಂದುಕೊಂಡ. ಹತ್ತು ನಿಮಿಷದ ಕೆಲಸ, ಕೊಳವೆ ನಾಶಮಾಡಿ ಹಾಗೆಯೇ ಆಸ್ಪತ್ರೆಗೆ ಓಡುತ್ತೇನೆ ಎಂದುಕೊಂಡ. ಬಲಕ್ಕೆ ತಿರುಗಿದ.

*

ವಾರದ ರಜೆಯಲ್ಲೂ ಕುಲುಮೆ ಆರಿಸುವಂತಿಲ್ಲ. ಆದರೆ ಒಳಗೆ ಯಾರೂ ಇರಲಿಲ್ಲ. ಕೆಂಪು ಬಾಯಿ ಮಾತ್ರ ಒಂದೇ ಸಮನೆ ಮೊರೆಯುತ್ತಿತ್ತು. ಹೊರಗೆ ಉರಿಬಿಸಿಲು. ಬಾಗಿಲು ಹಿಂದೆ ಮುಚ್ಚಿಕೊಂಡ ಮೇಲೆ ಕಣ್ಣಿಗೆ ಕೈಯೂ ಕಾಣಲಿಲ್ಲ.

ಮಗುವನ್ನು ಮರದ ಬೆಂಚಿನ ಮೇಲೆ ಮಲಗಿಸಿದ. “ಒಂದೇ ನಿಮಿಷ ಬಂಗಾರಿ.”

“ಅಪ್ಪಾ, ಇಲ್ಲಿ ಯಾರೋ ಅಳ್ತಿದಾರೆ.”

“ಯಾರೂ ಇಲ್ಲ. ಕುಲುಮೆ ಸದ್ದು ಅದು.”

ಮೂಲೆಯ ಮೊಳೆಗೆ ಕೈ ಹಾಕಿದ. ಕೊಳವೆ ಬೆಚ್ಚಗಿತ್ತು. ಮೊದಲು ಅದನ್ನು ಹಾಗೆಯೇ ಕುಲುಮೆಗೆ ತುರುಕಿದ. ಕಬ್ಬಿಣ ಕೆಂಪಾಯಿತು, ಬಿಳಿಯಾಯಿತು. ಬಟ್ಟೆಗೆ ಹೊಗೆಯೂ ಏಳಲಿಲ್ಲ. ಇಕ್ಕಳದಿಂದ ಹೊರಗೆಳೆದು ಬಟ್ಟೆ ಮುಟ್ಟಿ ನೋಡಿದ. ಅದು ತಣ್ಣಗೆ ಒದ್ದೆಯಾಗಿತ್ತು.

ಬಿಚ್ಚಬೇಕು. ಬಟ್ಟೆ ಬಿಚ್ಚಿದರೆ ಮಾಟ ಬಿಚ್ಚುತ್ತದೆ. ಉಗುರಿನಿಂದ ಗಂಟು ಹುಡುಕಿದ, ಸಿಕ್ಕಿತು, ಎಳೆದ. ಒಂದು ಸುತ್ತು ಬಂತು. ಎರಡು ಸುತ್ತು ಬಂತು. ಹತ್ತು ಸುತ್ತು. ಬಟ್ಟೆ ಅಂಗೈಯಗಲ, ಅಂಚಿನಲ್ಲಿ ಸಣ್ಣ ಸಣ್ಣ ಹೂವಿನ ಕಸೂತಿ. ಕೂಸಿನ ಅಂಗಿಯದು. ಇಪ್ಪತ್ತು ಸುತ್ತು. ಕಾಲಬಳಿ ರಾಶಿ ಬಿತ್ತು. ಕೊಳವೆಯ ಮೇಲೆ ಸುತ್ತಿದ್ದು ಮಾತ್ರ ತೆಳುವಾಗಲೇ ಇಲ್ಲ.

“ಅಪ್ಪಾ, ನೀರು.”

“ತರ್ತೀನಿ ಬಂಗಾರಿ, ಇದೊಂದು ಸುತ್ತು.”

ಐವತ್ತು. ಬಟ್ಟೆಗೆ ಅಂಟಿದ ಒಣ ಹಕ್ಕಳೆಗಳು ಬೆರಳಿಗೆ ಚುಚ್ಚಿದವು. ಎಪ್ಪತ್ತು. ಸಿಹಿವಾಸನೆ ಮೂಗಿಗೆ ಅಡರಿತು. ಬೆವರು ಕಣ್ಣಿಗಿಳಿಯಿತು. ಎಳೆದ. ಕೊಳವೆಯೊಳಗೆ ಏನೋ ಉಸಿರಾಡಿತು. ಒಳಕ್ಕೆ. ಹೊರಕ್ಕೆ. ಒಳಕ್ಕೆ. ಬೆಂಚಿನ ಮೇಲೆ ಬೆಣ್ಣೆಯ ಉಸಿರೂ ಅದೇ ತಾಳದಲ್ಲಿ ಏಳುತ್ತಿತ್ತು, ಬೀಳುತ್ತಿತ್ತು. ಎಳೆದ. ಕೊಳವೆ ಉಸಿರು ಹಿಡಿಯಿತು. ಬೆಂಚಿನ ಮೇಲೂ ಸದ್ದಿಲ್ಲ. “ಬೆಣ್ಣೇ!” ಸದ್ದಿಲ್ಲ. “ಬೆಣ್ಣೇ!” ಕೊಳವೆ ಉಸಿರು ಬಿಟ್ಟಿತು. ಮಗು ನರಳಿತು. ಅವನು ಅಳುತ್ತಾ ಎಳೆದ. ಎಣಿಕೆ ತಪ್ಪಿತು. ಎಳೆದ. ಬೆರಳುಗಳಿಂದ ರಕ್ತ. ಎಳೆದ.

ಬಾಗಿಲು ದಢಾರನೆ ತೆರೆಯಿತು.

ಮೇಸ್ತ್ರಿ. ಅವನ ಹಿಂದೆ ಆಕಾಶ ಕೆಂಪಾಗಿತ್ತು. ಸೂರ್ಯ ಮುಳುಗುತ್ತಿದ್ದ.

“ಏನ್ ಮಾಡ್ತಿದೀಯೋ ಇಲ್ಲಿ?” ಮೇಸ್ತ್ರಿ ಬೆಂಚಿನತ್ತ ನೋಡಿದ. “ಯಾರ ಮಗು ಇದು?”

“ನನ್ನ ಮಗಳು ಮೇಸ್ತ್ರಿ. ಸುಳ್ಳು ಹೇಳ್ದೆ. ತಪ್ಪಾಯ್ತು. ಬಟ್ಟೆ ಬಿಚ್ತಿದೀನಿ, ಹತ್ತು ನಿಮಿಷ ಆಯ್ತು, ಮುಗೀತಾ ಇಲ್ಲ...”

“ಹತ್ತು ನಿಮಿಷನಾ? ನೀನು ಒಳಗೆ ಹೋಗಿದ್ದನ್ನ ಗೇಟಿನವನು ಎರಡು ಗಂಟೆಗೆ ನೋಡಿದಾನೆ. ಈಗ ಆರೂವರೆ ಕಣೋ!”

ದಮ್ಮಣ್ಣ ಕಾಲಬಳಿ ನೋಡಿದ. ಬಟ್ಟೆಯ ರಾಶಿ ಇರಲಿಲ್ಲ. ಕೊಳವೆಯ ಮೇಲೆ ಹಳೇ ಬಟ್ಟೆ ಬಿಗಿಯಾಗಿ, ಇದ್ದಂತೆಯೇ ಸುತ್ತಿಕೊಂಡಿತ್ತು.

“ಮಾಟ ತೆಗೀರಿ ಮೇಸ್ತ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಆ ತಾಯಿ ಎಲ್ಲಿದಾಳೆ ಹೇಳಿ, ಅವಳ ಕಾಲಿಗೂ ಬೀಳ್ತೀನಿ.”

ಮೇಸ್ತ್ರಿ ಆಗಲೇ ಮಗುವನ್ನು ಎತ್ತಿಕೊಂಡಿದ್ದ. ಹೊದಿಕೆ ಮುಚ್ಚಿ, ತನ್ನ ಮುಖವನ್ನು ಆಚೆ ತಿರುಗಿಸಿಕೊಂಡು, ಎದೆಗೆ ಅವಚಿಕೊಂಡ. “ಅವಳು ನನ್ನ ಹೆಂಡತಿ. ಸತ್ತಿದ್ದು ನನ್ನ ಮಗ. ಆ ಗುಳ್ಳೆ ಬಾಯಿ ನಂದೇ.” ಬಾಗಿಲತ್ತ ಹೆಜ್ಜೆ ಹಾಕಿದ. “ನಾನೂ ಹೀಗೇ ಮಂತ್ರದೋರ ಮನೆ ಬಾಗಿಲು ತಟ್ಕೊಂಡು ತಿರುಗ್ದೆ. ಆರು ದಿನ. ಏಳನೇ ದಿನ ಆಸ್ಪತ್ರೆಯೋರು ಕೇಳಿದ್ದು ಒಂದೇ ಮಾತು, ಮೊದಲೇ ಯಾಕೆ ತರ್ಲಿಲ್ಲ ಅಂತ. ಅವಳ ಶಾಪ ಇರೋದು ಅದರಲ್ಲೇ ಕಣೋ. ಹೊತ್ತು ತಿನ್ನುತ್ತೆ ಅದು, ಹೊತ್ತು! ಓಡು!”

ಇಬ್ಬರೂ ಓಡಿದರು.

*

ಆಸ್ಪತ್ರೆಯ ದೀಪದ ಕೆಳಗೆ ಡಾಕ್ಟರಮ್ಮ ಹೊದಿಕೆ ಬಿಡಿಸಿದವರೇ ನರ್ಸನ್ನು ಕೂಗಿದರು. ಬೇರೆ ಕೋಣೆ, ಕೈಗವಸು, ಡ್ರಿಪ್ಪು. ಆ ಎಳೇ ಕೈಯಲ್ಲಿ ಸೂಜಿ ಚುಚ್ಚಲು ಗಾಯವಿಲ್ಲದ ಜಾಗ ಹುಡುಕುವುದಕ್ಕೇ ಎಷ್ಟೋ ಹೊತ್ತಾಯಿತು. ಬೆಣ್ಣೆಗೆ ಅಳುವ ಶಕ್ತಿಯೂ ಇರಲಿಲ್ಲ.

ಸುದ್ದಿ ತಿಳಿದು ಹೆಂಡತಿ ಪಾಳಿಯಿಂದ ನೇರ ಓಡಿ ಬಂದಳು. ಅವಳ ಸೀರೆಗೆ ಇನ್ನೂ ಬಣ್ಣಬಣ್ಣದ ದಾರದ ಚೂರುಗಳು ಅಂಟಿದ್ದವು.

“ಯಾರು ಇವಳನ್ನ ಮುದ್ದು ಮಾಡಿದ್ದು?” ಡಾಕ್ಟರಮ್ಮ ಕೇಳಿದರು. ಕೇಳುತ್ತಿದ್ದಂತೆಯೇ ಅವರ ಕಣ್ಣು ದಮ್ಮಣ್ಣನ ಮೇಲ್ತುಟಿಯ ಗುರುತಿನ ಮೇಲೆ ನಿಂತಿತು. “ಓ.”

“ಮಾಟ ಆಗಿದೆ ಡಾಕ್ಟ್ರೇ,” ಎಂದ ದಮ್ಮಣ್ಣ.

“ವೈರಸ್ಸು ಕಣ್ರೀ. ದೊಡ್ಡೋರ ತುಟಿ ಮೇಲೆ ಒಂದು ಗುಳ್ಳೆಯಾಗಿ ಬಂದು ಹೋಗುತ್ತೆ, ನೀವು ಲೆಕ್ಕಕ್ಕೂ ಇಡಲ್ಲ. ಇಸುಬು ಇರೋ ಮಗುವಿನ ಚರ್ಮ ಅಂದ್ರೆ ಬಾಗಿಲೇ ಇಲ್ಲದ ಮನೆ. ಒಳಗೆ ಹೊಕ್ಕರೆ ಮೈಯೆಲ್ಲ ಹಬ್ಬುತ್ತೆ. ಔಷಧಿ ಇದೆ, ಒಳ್ಳೇ ಔಷಧಿ. ಆದ್ರೆ ಗುಳ್ಳೆ ಕಂಡ ದಿನಾನೇ ತರಬೇಕು. ಯಾವಾಗ ಕಂಡಿದ್ದು?”

“ಇವತ್ತು ಮಧ್ಯಾಹ್ನ,” ಎಂದಳು ಹೆಂಡತಿ.

ದಮ್ಮಣ್ಣ ಹೆಂಡತಿಯ ಕಡೆ ನೋಡದೆ ಹೇಳಿದ. “ನಿನ್ನೆ ಸಂಜೆ. ಮುಲಾಮು ಹಚ್ದೆ.”

“ಕೆರಳಿದಾಗ ಹಚ್ಚೋ ಮುಲಾಮಾ? ಬರೀ ಅದನ್ನೇ ಹಚ್ಚಿದ್ರೆ ಬೆಂಕಿಗೆ ತುಪ್ಪ ಸುರಿದ ಹಾಗೆ.” ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಜೀವ ಉಳಿಸ್ತೀವಿ ಅನ್ನೋ ನಂಬಿಕೆ ಇದೆ. ಎಡಗಣ್ಣಿನ ಮಾತು ಮಾತ್ರ ಈಗಲೇ ಹೇಳಕ್ಕಾಗಲ್ಲ. ಒಳಗೂ ಇಳಿದಿದೆ.”

ಹೆಂಡತಿ ಗಂಡನನ್ನು ದಿಟ್ಟಿಸಿದಳು. ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. “ಮಧ್ಯಾಹ್ನ ಒಂದು ಗಂಟೆಗೆ ನಿಮ್ಮ ಕೈಗೆ ಕೊಟ್ಟು ಹೋದೆ,” ಎಂದಳು. “ಒಂದು ಗಂಟೆಗೆ.” ಅಷ್ಟೇ. ಆ ಮೇಲೆ ಹದಿನಾಲ್ಕು ದಿನ ಅವಳು ಅವನ ಜೊತೆ ಮಾತಾಡಲಿಲ್ಲ.

ಬೆಣ್ಣೆ ಬದುಕಿದಳು. ಆರನೇ ದಿನ ಜ್ವರ ಬಿಟ್ಟಿತು. ತೂತುಗಳು ತುಂಬಿಕೊಂಡು ಕೆನ್ನೆಯ ಮೇಲೆ, ಕುತ್ತಿಗೆಯ ಮೇಲೆ ದುಂಡನೆಯ ಗುರುತುಗಳು ಉಳಿದವು. ಎಡಗಣ್ಣಿನ ಕಪ್ಪುಗುಡ್ಡೆಯ ಮೇಲೆ ಮಂಜು ಹಿಡಿದಂಥ ಬಿಳಿ. ಮಂಜಾದರೆ ಒರೆಸಬಹುದಿತ್ತು. ಆ ಕಣ್ಣಿಗೆ ಬೆಳಕು ಕತ್ತಲು ಬಿಟ್ಟು ಇನ್ನೇನೂ ತಿಳಿಯುವುದಿಲ್ಲ ಎಂದರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಒಂದು ಔಷಧಿಯ ಸೀಸೆ ಕೊಟ್ಟರು. “ಇದು ಮೈಯಿಂದ ಹೋಗಲ್ಲ. ನಿಮಗೂ, ಇವಳಿಗೂ. ನರದಲ್ಲಿ ಅಡಗಿ ಕೂತಿರುತ್ತೆ. ಸುಸ್ತಾದಾಗ, ಜ್ವರ ಬಂದಾಗ ತಲೆ ಎತ್ತುತ್ತೆ. ಒಂದೇ ಒಂದು ಗುಳ್ಳೆ ಕಂಡ್ರೂ ಔಷಧಿ ಶುರುಮಾಡಿ, ಅದೇ ಘಳಿಗೆಯಲ್ಲಿ ಇಲ್ಲಿಗೆ ಓಡಿ ಬನ್ನಿ.”

*

ಮುಂದಿನ ವರ್ಷ ಹೆಂಡತಿಯ ತಂಗಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಬೆಣ್ಣೆಗೆ ಸಂತೋಷ ಹಿಡಿಸಲಾರದಷ್ಟು. ಬೆಳಿಗ್ಗೆಯಿಂದ “ನನ್ನ ಪಾಪು, ನನ್ನ ಪಾಪು” ಎಂದು ಸುತ್ತುತ್ತಿದ್ದಳು. ಹಿಂದಿನ ದಿನ ಅವಳಿಗೆ ಸ್ವಲ್ಪ ನೆಗಡಿ, ಮೈ ಬೆಚ್ಚಗಿತ್ತು. ಯಾರೂ ಅದನ್ನು ಮನಸ್ಸಿಗೆ ಹಾಕಿಕೊಂಡಿರಲಿಲ್ಲ.

ಕೂಸಿನ ಕೆನ್ನೆಯಲ್ಲಿ ಕೆಂಪಗೆ, ಒರಟಾಗಿ ಒಂದು ಪಟ್ಟೆ ಇತ್ತು. “ಇವನಿಗೂ ನಿಮ್ಮ ಬೆಣ್ಣೆ ಥರಾನೇ ಚರ್ಮ, ಭಾವ,” ಎಂದು ನಗುತ್ತಾ ಹೇಳಿದಳು ತಂಗಿ.

ದಮ್ಮಣ್ಣ ತಲೆ ಎತ್ತಿದ. ಬೆಣ್ಣೆ ತೊಟ್ಟಿಲಿನ ಅಂಚು ಹಿಡಿದು ಬಗ್ಗಿದ್ದಳು, ತುಟಿ ಮುಂದೆ ಮಾಡಿಕೊಂಡು. ಆ ತುಟಿಯ ತುದಿಯಲ್ಲಿ ನಾಲ್ಕು ಸಣ್ಣ ಗುಳ್ಳೆಗಳು ಹೊಳೆಯುತ್ತಿದ್ದವು.

“ಬೇಡಾ!”

ಅವನ ಎದೆಯಲ್ಲಿದ್ದ ಉಸಿರೆಲ್ಲ ಆ ಒಂದು ಕೂಗಿಗೆ ಖರ್ಚಾಯಿತು. ಕೂಸು ಬೆಚ್ಚಿ ಅಳತೊಡಗಿತು. ಬೆಣ್ಣೆ ಹಿಂದಕ್ಕೆ ಬಿದ್ದಳು. ಅವನು ಧಾವಿಸಿ ಮಗಳನ್ನು ಎಳೆದುಕೊಂಡ, ತುಟಿ ತಾಗಿತೇ ತಾಗಿತೇ ಎಂದು ತೊಟ್ಟಿಲಿನತ್ತ ನೋಡಿದ. ತಾಗಿರಲಿಲ್ಲ. ನಾಲ್ಕು ಬೆರಳು ಅಂತರವಿತ್ತು. ಹೆಂಡತಿ ಆಗಲೇ ಔಷಧಿಯ ಸೀಸೆ ಹಿಡಿದು ಬಂದಿದ್ದಳು.

ಔಷಧಿ ಕುಡಿದು ಬೆಣ್ಣೆ ಬೆರಳಿನಿಂದ ತನ್ನ ತುಟಿ ಮುಟ್ಟಲು ಹೋದಳು. ಅಪ್ಪ ಆ ಬೆರಳು ಹಿಡಿದುಕೊಂಡ.

“ನಾನೇನ್ ಮಾಡ್ದೆ ಅಪ್ಪಾ?”

“ನೀನೇನೂ ಮಾಡಿಲ್ಲ ಬಂಗಾರಿ. ಮಾಡಿದ್ದು ನಾನು.”

“ನಾನು ಮುತ್ತು ಕೊಟ್ರೆ ಪಾಪು ಕಣ್ಣೂ ನನ್ನ ಥರ ಆಗುತ್ತಾ?”

ಐದು ವರ್ಷದ ಮಕ್ಕಳಿಗೆ ಉತ್ತರ ಹೇಳಲೇಬೇಕೆಂದಿಲ್ಲ, ಅವರಿಗೆ ಮುಖ ಓದಲು ಬರುತ್ತದೆ. ಅಮ್ಮ ಗಾಡಿ ಕರೆಯಲು ಓಡಿದಳು. ಬೆಣ್ಣೆ ಒಂದು ಕಣ್ಣಿನಿಂದ ತೊಟ್ಟಿಲನ್ನು ನೋಡಿದಳು, ಅಪ್ಪನನ್ನು ನೋಡಿದಳು. ಮೆಲ್ಲಗೆ ಅವನ ಕೈ ಬಿಡಿಸಿಕೊಂಡು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕದ ಸದ್ದಾಯಿತು. ಅದು ಅವಳಿಗೆ ಎಟುಕುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಬಾಗಿಲು ತೆಗಿ ಬೆಣ್ಣೆ. ಡಾಕ್ಟರಮ್ಮನ ಹತ್ರ ಹೋಗ್ಬೇಕು.”

“ಮೊದ್ಲು ಪಾಪುನ ಅವನ ಮನೆಗೆ ಕಳಿಸಿ. ಆಮೇಲೆ ತೆಗೀತೀನಿ.”

ದಮ್ಮಣ್ಣ ಬಾಗಿಲಿಗೆ ಹಣೆಯಿಟ್ಟು ಅತ್ತ. ಹಿಂದೆ ತಂಗಿ ಏನೂ ಅರ್ಥವಾಗದೆ ಕೂಸನ್ನು ಎದೆಗೊತ್ತಿಕೊಂಡು, ಆಗಲೇ ಬಟ್ಟೆಯ ಚೀಲ ತುಂಬುತ್ತಿದ್ದಳು.